ಅವಳಿಗಳ ಮಗ್ಗುಲಲ್ಲಿ

ಬೂದು ಬಣ್ಣದ ಪಕ್ಕೆ ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ, ಕೂದಲ ತುದಿಗಳ ಮೇಲೆ ಕಿಟಕಿಯ ಬಿಸಿಲು ಒಂದು ಗೆರೆ ಎಳೆದಿದೆ, ಆ ಗೆರೆಯೂ ಏರಿ ಇಳಿಯುತ್ತಿದೆ, ಅದರ ಹಿಂದೆ ನನ್ನ ಮಗ ಇದ್ದಾನೆ, ಯೂನುಸ್, ಅವನ ಮೂಗು ಕಾಣುತ್ತಿಲ್ಲ, ಬಾಯಿ ಕಾಣುತ್ತಿಲ್ಲ, ಒಂದು ಕಿವಿ ಮಾತ್ರ ಕಾಣುತ್ತಿದೆ, ಕಿವಿ ಉಸಿರಾಡುವುದಿಲ್ಲವಲ್ಲ — ಯಾವಾಗ ಬಂತು ಈ ಬೆಕ್ಕು, ನಾನು ಕಣ್ಣು ಮುಚ್ಚಿದ್ದು ಒಂದೇ ಗಳಿಗೆ, ಹೆತ್ತ ದಿನದಿಂದ ನಾನು ಮಲಗಿದ್ದನ್ನೆಲ್ಲ ಕೂಡಿಸಿದರೆ ಒಂದು ಲೋಟ ಮೆಂತ್ಯದ ಕಷಾಯ ಆರುವಷ್ಟು ಹೊತ್ತೂ ಆಗದು, ಅಷ್ಟರಲ್ಲೇ ಇದು ಕಿಟಕಿ ಹಾರಿ, ಮಂಚ ಹತ್ತಿ, ಮಗನ ಎದೆಯ ಮೇಲೆ ಅರ್ಧ, ಕುತ್ತಿಗೆಯ ಮೇಲೆ ಅರ್ಧ ಸುತ್ತಿಕೊಂಡು, ಹಾಲಿನ ವಾಸನೆಗೆ ಮೂತಿ ಚಾಚಿ, ಪಾಷಾನ ಹಾಗೆ ನಿದ್ದೆ ಹೋಗಿದೆ. ನನ್ನ ಬಲತೋಳಿನ ಮೇಲೆ ಸಕೀನಾಳ ತಲೆ, ಎಡತೋಳಿನ ಮೇಲೆ ಯೂನುಸನದು, ಎರಡೂ ತೋಳು ನನ್ನವಲ್ಲ ಅನ್ನುವಷ್ಟು ಜೋಮು, ನಮ್ಮೂರ ಬೆಟ್ಟದ ಗೋರಿಯೊಳಗೆ ಮಲಗಿರುವ ಫರೋ ದೊರೆಗಾದರೂ ಕೈಯನ್ನು ಎದೆಯ ಮೇಲೆ ಮಡಚಿಕೊಳ್ಳುವ ಭಾಗ್ಯವಿತ್ತು, ನನಗೆ ಅದೂ ಇಲ್ಲ. ಹಚಾ ಅನ್ನೋಣವೆಂದು ತುಟಿ ತೆರೆದೆ, ಬಾಗಿಲ ಬಳಿ ಮಣೆಯ ಮೇಲೆ ಕೂತಿದ್ದ ನನ್ನ ಅತ್ತೆ, ಶರ್ಬಾತ್ ಅಂತ ಅವರ ಹೆಸರು, ಬೀಸಣಿಗೆ ನಿಲ್ಲಿಸಿದರು, ಉಸಿರೆತ್ತಬೇಡ ಕಣೇ ಬದ್ರಿಯ್ಯಾ, ಅದು ನಮ್ಮ ಸಕೀನಾ, ತಮ್ಮನ ಮಗ್ಗುಲಲ್ಲಿ ಮಲಗೋಕೆ ಬಂದಿದಾಳೆ. ಸಕೀನಾ ಇಲ್ಲೇ ಇದಾಳಲ್ಲ ಅತ್ತೆ, ನನ್ನ ತೋಳ ಮೇಲೆ. ಅಲ್ಲಿರೋದು ಬರೀ ಮೈ, ಜೀವ ಇಲ್ಲಿದೆ ನೋಡು, ಬಾಲ ಅಲ್ಲಾಡಿಸ್ತಾ ಇದೆ, ನಿನಗೆ ನಾನು ಹೇಳಿಕೊಡಬೇಕಾ, ನಮಗೆಲ್ಲ ಹೇಳಿಕೊಟ್ಟೋಳು ನೀನು.

ಹೌದು, ನಾನೇ. ಅವಳಿಗಳು ನಿದ್ದೆ ಹೋದರೆ ಜೀವ ಬೆಕ್ಕಾಗಿ ತಿರುಗಾಟಕ್ಕೆ ಹೋಗುತ್ತದೆ, ಬೆಕ್ಕು ಮರಳುವ ಮುಂಚೆ ಮಗುವನ್ನು ಎಬ್ಬಿಸಿದರೆ ಮಗು ಉಳಿಯದು, ಬೆಕ್ಕಿಗೆ ಪೆಟ್ಟು ಬಿದ್ದರೆ ಮಗುವಿನ ಮೈಮೇಲೆ ಬಾಸುಂಡೆ — ಇದು ನೈಲಿನ ಈ ದಡದಲ್ಲಿ ಎಲ್ಲರಿಗೂ ಗೊತ್ತು, ಆದರೆ ಕಣ್ಣಾರೆ ಕಂಡ ಸಾಕ್ಷಿ ಬೇಕೆಂದರೆ ಅಸ್ವಾನಿನಿಂದ ಕೆನಾವರೆಗೆ ಇರುವುದು ಒಬ್ಬಳೇ, ಅದು ನಾನು, ನಾನೂ ಅವಳಿ, ನಾನು ಮತ್ತು ನನ್ನ ಅಣ್ಣ ಬದ್ರಿ. ಅವನು ಬೆಕ್ಕಾಗಿ ಹೋಗಿ ಯಾರದೋ ಬೂದಿಯಲ್ಲಿ ಮಲಗಿ ಬರುತ್ತಿದ್ದ, ಸೋಮಾರಿ, ನಾನು ಹಾಗಲ್ಲ, ಊರ ಮುಖ್ಯಸ್ಥನ ಗೂಡಿನ ನಲವತ್ತು ಪಾರಿವಾಳಗಳನ್ನು ಒಂದೇ ನಿದ್ದೆಯಲ್ಲಿ ಮುಗಿಸಿದೆ, ಮೂರನೆಯ ಸಲ ಆ ಕಥೆ ಹೇಳುವಾಗ ಅವು ಎಂಬತ್ತಾಗಿದ್ದವು, ಪಾರಿವಾಳಗಳು ಮರಿ ಮಾಡುತ್ತವಲ್ಲ, ತಪ್ಪೇನು. ದೋಣಿಯಲ್ಲಿ ಟಿಕೆಟ್ಟಿಲ್ಲದೆ ಆಚೆ ದಡಕ್ಕೆ ಹೋಗಿ ದೊಡ್ಡ ಹೋಟೆಲಿನ ಅಡುಗೆಮನೆಯಲ್ಲಿ ಫ್ರೆಂಚರ ಮೀನು ತಿಂದು ಬಂದವಳು ನಾನು, ಬೆಳಗ್ಗೆ ಅಮ್ಮ ನನ್ನ ಬಾಯಿ ಮೂಸಿ ನೋಡಿ ಬೆಣ್ಣೆಯ ವಾಸನೆ ಬರ್ತಿದೆ ಅಂದಳಂತೆ. ಎಲ್ಲ ನೆನಪಿದೆ ನನಗೆ, ಅಂದರೆ ಹೇಳಿ ಹೇಳಿ ಈಗ ನೆನಪಿದೆ, ಅಂಗಾಲಿನ ಕೆಳಗೆ ಮಾಳಿಗೆಯ ಬಿಸಿ ಕೂಡ ನೆನಪಿದೆ. ಹೆಣ್ಣು ನೋಡಲು ಬಂದಾಗ ಇದೇ ಶರ್ಬಾತ್ ಅತ್ತೆ ಮೂಗು ಮುರಿಯುತ್ತ ಕೂತಿದ್ದರು, ಹುಡುಗಿಗೆ ಬಾಯಿ ಜಾಸ್ತಿ ಅಂತ, ನಾನು ಹಣ್ಣಿನ ರಸದ ತಟ್ಟೆ ಹಿಡಿದುಕೊಂಡೇ ಹೇಳಿದೆ, ನಿಮ್ಮ ಮನೆ ನಾನು ಆಗಲೇ ನೋಡಿದೀನಿ, ಬೆಣ್ಣೆ ಗಡಿಗೆ ಒಲೆಯ ಎಡಗಡೆ ಮೂಲೆಯಲ್ಲಿದೆ, ಮೇಲೆ ಬಿರುಕು ಬಿಟ್ಟ ಬಟ್ಟಲು ಮುಚ್ಚಿದೀರಿ. ಅತ್ತೆ ಲೋಟ ಕೆಳಗಿಟ್ಟು ನನ್ನ ಹಣೆ ಮುಟ್ಟಿ ಕಣ್ಣಿಗೊತ್ತಿಕೊಂಡರು. ಯಾರ ಮನೆಯಲ್ಲಿ ಬೆಣ್ಣೆ ಗಡಿಗೆ ಮೂಲೆಯಲ್ಲಿಲ್ಲ, ಯಾರು ಒಳ್ಳೆಯ ಬಟ್ಟಲನ್ನು ಮುಚ್ಚಳ ಮಾಡುತ್ತಾರೆ — ಆ ದಿನದಿಂದ ನಾನು ಈ ಮನೆಯಲ್ಲಿ ಅರ್ಧ ಸೊಸೆ, ಅರ್ಧ ಸಂತ, ನನ್ನ ಮಾತಿಗೆ ಎದುರಿಲ್ಲ, ಹೀಗಾಗಿ ಈಗ ನನಗೂ ನನ್ನ ಮಾತಿಗೆ ಎದುರಾಡಲು ದಾರಿಯಿಲ್ಲ. ಪಕ್ಕೆ ಏರುತ್ತದೆ, ಇಳಿಯುತ್ತದೆ, ಇದು ಬೆಕ್ಕಿನದು, ಅದರ ಕೆಳಗಿನದು, ಮಗನದು, ಏರುತ್ತಿದೆಯೋ, ಬೆಕ್ಕು ಏರುವುದರಿಂದ ಏರಿದ ಹಾಗೆ ಕಾಣುತ್ತಿದೆಯೋ.

ಎಲ್ಲ ಈ ಮಂಚದಿಂದ, ನನ್ನ ಮದುವೆಯ ಹಿತ್ತಾಳೆ ಮಂಚ, ಇದರ ಮೇಲೆ ಎರಡು ಒಂಟೆ ಮಲಗಿ ಮೂರನೆಯದಕ್ಕೆ ಜಾಗ ಬಿಡಬಹುದು ಎಂದು ನಾನೇ ಊರೆಲ್ಲ ಸಾರಿದ್ದೆ, ಅದರ ಹತ್ತಿ ಹಾಸಿಗೆಗೆ ಅಪ್ಪ ಇಡೀ ಹೊಲದ ಹತ್ತಿ ತುಂಬಿಸಿದ್ದ, ಈಗ ನಡುವೆ ಬಾವಿಯಂಥ ಗುಳಿ, ಯಾವ ಕಡೆ ಮಲಗಿಸಿದರೂ ಮಕ್ಕಳು ಉರುಳಿ ನನ್ನ ಕೆಳಗೇ ಬರುತ್ತಾರೆ. ನಿನ್ನೆ ಊಟದ ನಂತರ ಕಣ್ಣು ಬಿಟ್ಟಾಗ ಯೂನುಸ್ ನನ್ನ ಎದೆಯ ಕೆಳಗಿದ್ದ, ಮೂಗು ಚಪ್ಪಟೆ, ತುಟಿ ಬದನೆಕಾಯಿ ಸಿಪ್ಪೆಯ ಬಣ್ಣ, ಎತ್ತಿ ಅಲುಗಾಡಿಸಿದೆ, ಅಳಲಿಲ್ಲ, ಮತ್ತೆ ಅಲುಗಾಡಿಸಿದೆ, ಆಮೇಲೆ ಅತ್ತ. ಇದನ್ನು ಮಾತ್ರ ನಾನು ದೊಡ್ಡದು ಮಾಡಿ ಹೇಳುತ್ತಿಲ್ಲ, ಇದನ್ನು ಯಾರಿಗೂ ಹೇಳಿಯೇ ಇಲ್ಲ. ನರ್ಸ್ ಇಂತಿಸಾರ್ ಮೊದಲ ದಿನವೇ ಹೇಳಿದ್ದಳು, ನೋಡಮ್ಮ, ನಿನ್ನ ಮಗ್ಗುಲಲ್ಲೇ ಇರಲಿ, ನಿನ್ನ ಹಾಸಿಗೆಯಲ್ಲಿ ಬೇಡ, ಗಟ್ಟಿ ಹಾಸಿಗೆ, ದಿಂಬು ಬೇಡ, ರಜಾಯಿ ಬೇಡ, ಅಂಗಾತ ಮಲಗಿಸು, ಇಬ್ಬರಿಗೂ ಬೇರೆ ಬೇರೆ ಜಾಗ. ಬಟ್ಟೆ ತೊಳೆಯುವ ತಾಮ್ರದ ಬಾನಿ ಇಡೋಣ ಅಂದೆ, ಹೆಣ ತೊಳೆಯೋ ನೀರು ಹಿಡಿಯೋದು ಅದರಲ್ಲೇ, ಅಂದರು ಅತ್ತೆ. ಏಳನೆಯ ದಿನದ ಶಾಸ್ತ್ರಕ್ಕೆ ಮಗುವನ್ನು ಆಡಿಸುವ ಜರಡಿ ಇದೆಯಲ್ಲ ಅಂದೆ, ಜರಡಿಯಲ್ಲಿ ಮಗು ಒಂದು ಸಲ ಆಡಬೇಕು, ದಿನಾ ಆಡಿದ್ರೆ ಬುದ್ಧಿ ಸೋರಿ ಹೋಗುತ್ತೆ. ಬೀರುವಿನ ಖಾನೆ ಅಂದೆ, ಮಕ್ಕಳೇನು ಕಾಲುಚೀಲನಾ. ನನ್ನ ನಾಲ್ಕು ಮಕ್ಕಳೂ ನನ್ನ ಕಂಕುಳಲ್ಲೇ ಮಲಗಿ ಬೆಳೆದ್ರು, ಅಂದರು. ಐದು ಹೆತ್ತಿದ್ರಿ ಅಂತ ಕೇಳಿದೀನಿ ಅತ್ತೆ, ಅಂದೆ, ಅನ್ನಬಾರದಿತ್ತು, ಅವರು ಬೀಸಣಿಗೆ ಕೆಳಗಿಟ್ಟು ಎದ್ದುಹೋಗಿ ಮಗನನ್ನು ಕರೆದು ಮಕ್ಕಳನ್ನ ಮಲಗಿಸೋಕೆ ಅದೇನೋ ಪಂಜರ ಬೇಕಂತೆ, ಮಾಡಿಸ್ಕೊಂಡು ಬಾ, ಅಂದರು.

ಮಾಡಿಸಿಕೊಂಡು ಬಂದಿದ್ದಾನೆ, ಅಗೋ ಅಂಗಳದಲ್ಲಿದೆ, ಹೊಸ್ತಿಲಿನಿಂದ ಮೂರು ಮೊಳ ಆಚೆ, ಖರ್ಜೂರದ ಗರಿಯ ದಂಟಿನ ಪೆಟ್ಟಿಗೆ, ಟೊಮೇಟೊ ಸಾಗಿಸುವ ಪಂಜರದ ಅಣ್ಣ, ನಡುವೆ ಅಡ್ಡಗೋಡೆ, ಈ ಕಡೆ ಅವನು, ಆ ಕಡೆ ಅವಳು, ಮಂಚಕ್ಕೆ ತಾಗುವ ಮಗ್ಗುಲು ತೆರೆದಿದೆ, ಕಾಲುಗಳು ಸರಿಯಾಗಿ ಮಂಚದ ಎತ್ತರಕ್ಕೆ, ಕಟ್ಟಲು ಹಗ್ಗವೂ ಸಿದ್ಧ, ಈಜಿಪ್ಟಿನಲ್ಲೇ ಇಂಥದ್ದು ಇನ್ನೊಂದಿಲ್ಲ, ನನ್ನ ಗಂಡ ತಯ್ಯಿಬ್ ಪೆದ್ದನಾದರೂ ಅಳತೆ ತಪ್ಪುವವನಲ್ಲ, ಆದರೆ ಪೆದ್ದ, ಪೆಟ್ಟಿಗೆ ಹೆಣೆಯುವವನ ಅಂಗಡಿಯ ಪಕ್ಕ ಕ್ಷೌರದ ಅಂಗಡಿ, ಕಾಯುತ್ತ ಕೂತು ಬೇಸರವಾಗಿ ಗಡ್ಡ ತಲೆ ಎರಡನ್ನೂ ಬೋಳಿಸಿಕೊಂಡು ಬಂದಿದ್ದಾನೆ. ನಲವತ್ತು ದಿನ ಮುಗಿಯದ ಬಾಣಂತಿಯ ಕೋಣೆಗೆ ಹೊಸ ಕ್ಷೌರದ ಗಂಡಸು ಕಾಲಿಟ್ಟರೆ ಎದೆಹಾಲು ಬತ್ತುತ್ತದೆ, ಇದು ಅವನಿಗೆ ಬಾಗಿಲಿಗೆ ಬಂದ ಮೇಲೆ ನೆನಪಾಯಿತು, ಅಲ್ಲಿಯೇ ನಿಂತಿದ್ದಾನೆ, ಬೋಳು ತಲೆ ಕಲ್ಲಂಗಡಿಯ ಹಾಗೆ ಹೊಳೆಯುತ್ತಿದೆ. ಹೊಸ ಚಂದ್ರ ಕಾಣೋವರೆಗೆ ಒಳಗೆ ಬರಬೇಡ, ಅಂತ ಅತ್ತೆ. ಪೆಟ್ಟಿಗೆಗೆ ಯಾರೂ ಕ್ಷೌರ ಮಾಡಿಲ್ಲ ಅಮ್ಮಾ, ಅದನ್ನಾದ್ರೂ ತಗೋ, ಅಂತ ಅವನು. ನೀನು ಮುಟ್ಟಿದೀಯಲ್ಲ, ನೆರಳು ಬಿದ್ದಿದೆ, ಇರಲಿ ಅಲ್ಲೇ. ಎರಡು ಎದೆಹಾಲಿನ ಮಕ್ಕಳು, ಹಾಲು ಬತ್ತಿದರೆ ಎರಡೂ ಸಾಯುತ್ತವೆ ಅಂತ ಅತ್ತೆಗೆ ಭಯ, ಹಾಸಿಗೆಯ ಬಾವಿಯಲ್ಲಿ ಸಾಯುತ್ತವೆ ಅಂತ ನನಗೆ ಭಯ, ಇಬ್ಬರ ಭಯಕ್ಕೂ ಒಂದೇ ಮನೆ, ಇಬ್ಬರ ನಡುವೆ ಒಂದು ಹೊಸ್ತಿಲು. ಪಕ್ಕೆ ಏರುತ್ತದೆ, ಇಳಿಯುತ್ತದೆ.

ಬುದ್ಧಿ ಬೇಕು, ನನಗಿರುವುದೇ ಅದು, ಹತ್ತು ಜನರಿಗೆ ಹಂಚಿ ಉಳಿಯುವಷ್ಟು — ಅತ್ತೆ, ಅಂದೆ, ಮೆಲ್ಲಗೆ, ಸಂತನ ದನಿಯಲ್ಲಿ, ಅದು ಸಕೀನಾ ಅಲ್ಲ, ನಾನು ಗುರುತು ಹಿಡಿದೆ, ಅದು ನನ್ನ ಅಣ್ಣ ಬದ್ರಿ, ಹುರ್ಗಾದಾದಲ್ಲಿ ಅವನಿಗೆ ರಾತ್ರಿ ಕಾವಲು, ಹಗಲು ನಿದ್ದೆ, ಅಳಿಯನನ್ನು ನೋಡೋಕೆ ಬಂದಿದಾನೆ, ಗಂಡಸು ಬಾಣಂತಿ ಮಂಚದ ಮೇಲೆ ಮಲಗೋದು ಸರೀನಾ, ನೀವೇ ಗದರಿಸಿ ಕಳಿಸಿ. ಅತ್ತೆ ಬಗ್ಗಿದರು, ಕಣ್ಣು ಕಿರಿದು ಮಾಡಿ ಬಾಲದ ಕೆಳಗೆ ನೋಡಿದರು, ತುಂಬ ಗೌರವದಿಂದ ನೋಡಿದರು. ಹೆಣ್ಣು, ಅಂದರು. ಅಂಗಳದಿಂದ ತಯ್ಯಿಬ್ ನಕ್ಕ, ನಿಮ್ಮಣ್ಣ ಹುರ್ಗಾದಾಕ್ಕೆ ಹೋಗಿ ತುಂಬಾನೇ ಬದಲಾಗಿದಾನೆ ಬಿಡು. ನಗಬೇಡ ಯೂನುಸನ ಅಪ್ಪಾ, ನಗಬೇಡ, ನನಗೆ ಅವನ ಉಸಿರಿನ ಸದ್ದು ಕೇಳಬೇಕು, ಯೂನುಸನಿಗೆ ಮೂಗು ಕಟ್ಟಿದೆ, ಬೆಳಗಿನಿಂದ ಸಣ್ಣ ಸಿಳ್ಳೆಯಂತೆ ಉಸಿರು ಬರುತ್ತಿತ್ತು, ಈಗಲೂ ಬರುತ್ತಿತ್ತು, ಈಗ — ಬೆಕ್ಕು ಮೈ ಮುರಿಯುತ್ತದೆ, ಮುಂಗಾಲು ಚಾಚಿ ಅವನ ಮುಖದ ಮೇಲೆ ಇಟ್ಟು, ಹೊಟ್ಟೆಯನ್ನು ಇನ್ನಷ್ಟು ಮೇಲೆ ಸರಿಸಿ ಮಲಗುತ್ತದೆ, ಕಿವಿಯೂ ಮುಚ್ಚಿತು, ಸಿಳ್ಳೆ ನಿಂತಿತು. ಪಕ್ಕೆ ಏರುತ್ತದೆ. ಸಿಳ್ಳೆ ಇಲ್ಲ. ಇಳಿಯುತ್ತದೆ. ಇಲ್ಲ. ಸಕೀನಾ ಬಲತೋಳಿನ ಮೇಲೆ ಕಲ್ಲಿನ ಹಾಗೆ ಮಲಗಿದ್ದಾಳೆ, ತೋಳು ಎಳೆದರೆ ಏಳುತ್ತಾಳೆ, ಅವಳ ಜೀವ ಅಲ್ಲಿ ತಮ್ಮನ ಮುಖದ ಮೇಲೆ, ಇದ್ದರೆ, ಇದೆ ಅಂತ ಹೇಳಿದವಳು ನಾನು, ಸಾವಿರ ಸಲ, ಅಂಗಾಲಿಗೆ ಮಾಳಿಗೆಯ ಬಿಸಿ — ಎಳೆದೆ. ಎಳೆದೇಬಿಟ್ಟೆ, ಸಕೀನಾಳ ತಲೆ ಹಾಸಿಗೆಗೆ ಜಾರಿತು, ಜೋಮು ಹಿಡಿದ ಕೈ ಯಾರದೋ ಕೈಯಂತೆ ನನ್ನ ಮೈ ದಾಟಿ ಹೋಗಿ ಬೆಕ್ಕಿನ ಕುತ್ತಿಗೆಯ ಚರ್ಮ ಹಿಡಿಯಿತು, ಎತ್ತಿತು, ಎಸೆಯಲಿಲ್ಲ, ನನ್ನಾಣೆ ಎಸೆಯಲಿಲ್ಲ, ಮಂಚಕ್ಕೆ ತಾಗಿದ ಕಿಟಕಿಯ ಕಟ್ಟೆಯ ಮೇಲೆ ಇಟ್ಟಿತು, ಮಗಳನ್ನು ಇಡುವ ಹಾಗೆ, ಅತ್ತೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ಯೂನುಸನ ಮುಖ ಕೆಂಪು, ಮೇಲೆ ಬೂದು ಕೂದಲು, ಬಾಯಿ ತೆರೆದಿದೆ, ತೆರೆದೇ ಇದೆ, ಆಮೇಲೆ ಒಂದು ಸೀನು, ಲೋಕದಲ್ಲಿ ಅಷ್ಟು ದೊಡ್ಡ ಸೀನು ಯಾರೂ ಸೀನಿಲ್ಲ, ಬೆಟ್ಟದ ಗೋರಿಗಳಲ್ಲಿ ದೊರೆಗಳು ಎದ್ದು ಕೂತಿರಬೇಕು, ಆಮೇಲೆ ಅಳು.

ಪೆಟ್ಟಿಗೆ ತಳ್ಳಿ, ಅಂದೆ, ನನ್ನ ದನಿ ಸಂತನದಾಗಿರಲಿಲ್ಲ, ಬರಿ ತಾಯಿಯದು, ತಯ್ಯಿಬ್ ಕಬ್ಬಿನ ಜಲ್ಲೆಯಿಂದ ಅದನ್ನು ಹೊಸ್ತಿಲು ದಾಟಿಸಿ ಒಳಗೆ ತಳ್ಳಿದ, ತಾನು ಹೆಬ್ಬೆರಳನ್ನೂ ಒಳಗಿಡಲಿಲ್ಲ, ಅತ್ತೆ ಎದ್ದರು, ತಡೆಯುತ್ತಾರೆ ಅಂದುಕೊಂಡೆ, ತಡೆಯಲಿಲ್ಲ, ಒಂದು ತುದಿ ಹಿಡಿದು ಮಂಚದ ಬಳಿಗೆ ಎಳೆದರು, ಹಗ್ಗ ಬಿಗಿದರು, ಸಂದಿಯಲ್ಲಿ ಬೆರಳು ಹಾಕಿ ನೋಡಿ ಇನ್ನೊಂದು ಗಂಟು ಹಾಕಿದರು. ಅವನಿಗೂ ಹೀಗೇ ಮೂಗು ಕಟ್ಟಿತ್ತು, ಅಂದರು, ಐದನೆಯವನಿಗೆ, ಅಷ್ಟೇ ಅಂದರು. ಯೂನುಸನನ್ನು ಅವನ ಪಾಲಿನಲ್ಲಿ ಅಂಗಾತ ಮಲಗಿಸಿದೆ, ಸಕೀನಾಳನ್ನು ಎತ್ತಿ ಅವಳ ಪಾಲಿನಲ್ಲಿ ಮಲಗಿಸಿದೆ, ಏಳಲಿಲ್ಲ. ತಲೆ ಜಾರಿದಾಗ ಏಳಲಿಲ್ಲ, ತಮ್ಮ ಅರಚಿದಾಗ ಏಳಲಿಲ್ಲ, ಎತ್ತಿದಾಗಲೂ ಏಳಲಿಲ್ಲ, ನಿದ್ದೆ, ಅಷ್ಟೇ, ಕೂಸುಗಳು ನಿದ್ದೆ ಮಾಡುತ್ತವೆ. ನೋಡಿದೆಯಾ, ಅಂತ ಅತ್ತೆ ಪಿಸುಗುಟ್ಟಿದರು, ಇನ್ನೂ ಒಳಗೆ ಬಂದಿಲ್ಲ ಅವಳು. ಬೆಕ್ಕು ಕಟ್ಟೆಯ ಮೇಲಿದೆ, ಹೋಗಿಲ್ಲ, ನಮ್ಮ ಕಡೆ ಬೆನ್ನು ಮಾಡಿ ಮತ್ತೆ ಸುತ್ತಿಕೊಂಡು ಮಲಗಿದೆ. ಕಿಟಕಿ ಮುಚ್ಚಬೇಕು, ಮುಚ್ಚದಿದ್ದರೆ ಈ ಸಲ ನೇರ ಪೆಟ್ಟಿಗೆಗೇ ಹಾರುತ್ತದೆ, ಎದ್ದು ಬಂದೆ, ಕದ ಹಿಡಿದೆ, ಮುಚ್ಚುವುದೇನು ಮಹಾ, ಬದ್ರಿಯ್ಯಾ ಮುಚ್ಚದ ಕಿಟಕಿ ಉಂಟೇ, ಒಂದು ತಳ್ಳು, ಒಂದು ಚಿಲಕ, ಮುಚ್ಚಿದರೆ ಅವಳು ಆಚೆ, ಅವಳಲ್ಲ, ಬೆಕ್ಕು, ಬೆಕ್ಕು ಆಚೆ, ಎರಡೂ ಕೈ ಈಗ ನನ್ನವೇ, ಜೋಮು ಇಳಿದಿದೆ, ಕೈ ತಳ್ಳುತ್ತಿಲ್ಲ. ಹಿಂದೆ ತಿರುಗಿ ಪೆಟ್ಟಿಗೆಯೊಳಗೆ ನೋಡುತ್ತೇನೆ, ಸಕೀನಾಳ ಹೊಟ್ಟೆ ಏರುತ್ತದೆ, ಕಟ್ಟೆಯ ಮೇಲೆ ಬೂದು ಪಕ್ಕೆ ಏರುತ್ತದೆ, ಹೊಟ್ಟೆ ಇಳಿಯುತ್ತದೆ, ಪಕ್ಕೆ ಇಳಿಯುತ್ತದೆ, ಒಟ್ಟಿಗೇ, ಇಲ್ಲ, ಒಂದು ಕೂದಲಷ್ಟು ಮುಂಚೆ ಬೆಕ್ಕಿನದು, ಇಲ್ಲ, ಒಟ್ಟಿಗೇ, ಏರುತ್ತದೆ, ಕದದ ಮೇಲೆ ನನ್ನ ಕೈ, ಇಳಿಯುತ್ತದೆ, ಏರುತ್ತದೆ