ಗಾಜನೂರಿನೋಳ ಹೆಸರು

ಬಿಲ್ಲೆ ಮಿಂಚಿದಂತಾಯಿತು — ಅಲ್ಲ, ಮುಂದಿನ ಸೀಟಿನವಳ ಕಿವಿಯೋಲೆ ಅದು, ಬಸ್ಸು ಹೊಳೆ ಸೇತುವೆ ಹತ್ತಿದ್ದಕ್ಕೆ ಬಿಸಿಲು ಬಿದ್ದು ಹೊಳೆಯಿತು ಅಷ್ಟೆ, ಬೆಳಗಿನಿಂದ ಸುಮನಾಗೆ ಕಂಡದ್ದೆಲ್ಲ ಬಿಲ್ಲೆಯೇ, ಹಾಲಮ್ಮಜ್ಜಿಯ ಕೊರಳಿನ ಬೆಳ್ಳಿ ಬಿಲ್ಲೆ, ಎಂಟಾಣೆ ಅಗಲ, ಮುಂದೆ ಒಂದು ಹೆಣ್ಣಿನ ಗೀರುಗೀರು ಚಿತ್ರ, ಹಿಂದೆ ಏನೂ ಇಲ್ಲ, ಬರೀ ನುಣುಪು — ಆಧಾರ್ ತೋರ್ಸಿ ಮೇಡಂ, ತಗೊಳಪ್ಪ, ಭದ್ರಾವತಿ ಒಂದು, ಸೊನ್ನೆ ರೂಪಾಯಿ ಟಿಕೆಟು ಕೈಗೆ ಬಂತು, ಬಸ್ಸೂ ಫ್ರೀ, ಫೋನಿನಲ್ಲಿ ತೆರೆದಿರುವ ವಂಶಾವಳಿ ಹೊತ್ತಿಗೆಯೂ ಫ್ರೀ, ಅಯ್ಯೋ ಶಿವನೇ, ಭದ್ರಾವತಿ ಮುಟ್ಟುವುದರೊಳಗೆ ತೆರೆಯುತ್ತದಾ, ಪುಟ ಅರ್ಧ ತೆರೆದಿದೆ, ಮೇಲಿನ ಎರಡು ಸಾಲು ನಿಚ್ಚಳ, ಕೆಳಗೆಲ್ಲ ಮಂಜು, ಮಧ್ಯೆ ಒಂದು ಬಳೆ ಗಿರಗಿರ ತಿರುಗುತ್ತಿದೆ, ತಿರುಗು ಮಾರಾಯ, ಬೇಗ ತಿರುಗು, ಹನ್ನೆರಡಕ್ಕೆ ತೊಟ್ಟಿಲು. ಅಣ್ಣ ಮಲ್ಲೇಶನ ಮಗಳು ಸೌಂದರ್ಯಾಳ ಕೂಸಿಗೆ ಇವತ್ತು ಹೆಸರಿಡುವುದು, ಕರೆಯುವ ಹೆಸರು ಇಂಪನಾ ಅಂತ ಆಗಲೇ ಗೊತ್ತಾಗಿದೆ, ಆದರೆ ಕಿವಿಯಲ್ಲಿ ಹೇಳುವುದು ಒಂದೇ ಹೆಸರಲ್ಲವಲ್ಲ, ಒಂದು ಹೆಸರು ನಂಗೆ ಬಿಡ್ರಪ್ಪ ಅಂದಿದ್ದಾರೆ ಅಪ್ಪ, ಎಂಬತ್ತೊಂದು ವರ್ಷದ ಷಡಕ್ಷರಪ್ಪನವರು, ನನ್ನ ಹೆತ್ತವ್ವನ ಹೆಸರು ಕೂಸಿನ ಕಿವಿಗೆ ಹೋಗ್ಲಿ, ಸಿಕ್ರೆ — ಸಿಕ್ಕರೆ ಅಂದಾಗ ಆ ಮುಖ ನೋಡಬೇಕಿತ್ತು.

ಸಿಗುತ್ತದೆ ಅಪ್ಪ, ಸಿಕ್ಕೇಬಿಟ್ಟಿದೆ, ನೆಟ್‌ವರ್ಕ್ ಅನ್ನೋದೊಂದು ಬರಲಿ — ಹತ್ತು ವರ್ಷ ದಾಟಿತು ಅಜ್ಜಿ ಹೋಗಿ, ಹೆಣಕ್ಕೆ ನೀರು ಹಾಕುವಾಗ ಅಪ್ಪನ ಸೋದರತ್ತೆ ಅಜ್ಜಿಯ ಕೊರಳಿನ ಬಿಲ್ಲೆ ಬಿಚ್ಚಿ ಎಪ್ಪತ್ತು ವರ್ಷದ ಅಪ್ಪನ ಅಂಗೈಗೆ ಹಾಕಿದ್ದು, ಇಟ್ಕೋ ಮಗ, ಇದು ನಿನ್ನ ಹೆತ್ತವ್ವ, ನೀನು ನಲವತ್ತು ದಿನದ ಕೂಸಿದ್ದಾಗ ಹೋಗ್ಬಿಟ್ಲು, ಎರಡನೇಳಾಗಿ ಬಂದೋಳು ಸತ್ತ ಸವತೀನ ಕೊರಳಲ್ಲಿ ಕಟ್ಕೊಂಡೇ ಬಾಳ್ಬೇಕು, ಇವ್ಳು ಬಾಳಿದ್ಲು. ಅಪ್ಪ ಅತ್ತಿದ್ದು ಯಾರಿಗೆ, ಎದುರಿಗಿದ್ದ ಅಜ್ಜಿಗಾ, ಅಂಗೈಯಲ್ಲಿದ್ದವಳಿಗಾ, ಹೆಸರೇನತ್ತೆ ಅವ್ಳದ್ದು ಅಂದರು, ಹೆಸ್ರಾ, ನಾನಾಗ ಲಂಗದ ಹುಡುಗಿ ಕಣೋ, ಮನೇಲೆಲ್ಲ ಗಾಜನೂರಿನೋಳು ಅಂತಿದ್ರು, ನಾವೂ ಗಾಜನೂರಿನ ಅತ್ಗೆ ಅಂತಿದ್ವಿ. ಅಷ್ಟೆ. ಬಂದ ಊರೇ ಹೆಣ್ಣಿನ ಹೆಸರು, ಎಂಥಾ ಜನ! ಅಜ್ಜಿ ಬದುಕಿದ್ದಾಗ ಬಿಲ್ಲೆ ಹಿಡಿಯಲು ಹೋದರೆ ಕೈಗೆ ಹೊಡೆಯುತ್ತಿದ್ದಳು, ಅದು ದೇವ್ರು, ಮುಟ್ಬೇಡ.

ಸತ್ತೋರ ಹಿಂದೆ ಬಿದ್ದಿದೀಯಲ್ಲ ಮಾರಾಯ್ತಿ, ಇದ್ದೋರಿಗೆ ಒಂದ್ ಲೋಟ ಕಾಫಿ ಸಿಗತ್ತಾ ಎಂದು ಗಂಡ ವಿಜಯಕುಮಾರ್ ನಾಲ್ಕು ವರ್ಷದಿಂದ ಕಾಡುತ್ತಿದ್ದಾನೆ, ಕಾಡಲಿ, ಕಾಫಿ ಯಾರು ಬೇಕಾದರೂ ಮಾಡಬಹುದು — ಲೈಬ್ರರಿಯ ಶ್ರೀನಿವಾಸಮೂರ್ತಿಗಳು ಚೀಟಿಯಲ್ಲಿ ಬರೆದುಕೊಟ್ಟಿದ್ದರು, ದುಡ್ಡು ಕೇಳೋ ಸೈಟಿಗೆ ಹೋಗ್ಲೇಬೇಡಿ, ಪುಕ್ಕಟೆ ಇರೋದನ್ನೇ ಮೊದ್ಲು ಜಾಲಾಡಿ. ಜಾಲಾಡಿದಳು, ಹಳೇ ಮತದಾರರ ಪಟ್ಟಿ, ಪಹಣಿ, ಸ್ಕ್ಯಾನ್ ಮಾಡಿ ಹಾಕಿದ ಗೆಜೆಟ್ಟು, ಕಣ್ಣು ಗುಡ್ಡೆ ಕಿತ್ತು ಬರುವಷ್ಟು, ಗಾಜನೂರಿನ ಗಂಡಸರೆಲ್ಲ ಸಿಕ್ಕರು, ಆ ಒಬ್ಬಳು ಸಿಗಲಿಲ್ಲ. ಕೊನೆಗೆ ಹೆಳವರ ಹೊತ್ತಿಗೆಗಳ ಫೋಟೋ ಇರುವ ಪುಟ ಸಿಕ್ಕಿತು, ಅಲ್ಲೂ ಪೆದ್ದಿಯ ಹಾಗೆ ಹೆಂಗಸರ ಹೆಸರು, ತವರೂರು ಹಾಕಿ ಹಾಕಿ ಹುಡುಕಿದ್ದು, ವಂಶ ಹೇಳುವ ಹೆಳವ ಗಂಡಸಿನ ಹೆಸರಿಂದಲ್ಲದೆ ಪುಟ ತೆಗೆಯುತ್ತಾನಾ, ಈ ಬುದ್ಧಿ ಇವತ್ತು ಚಿತ್ರಾನ್ನಕ್ಕೆ ಒಗ್ಗರಣೆ ಹಾಕುವಾಗ ಬಂತು ನೋಡಿ, ಕೋಟೆ ಷಣ್ಮುಖಪ್ಪ ಎಂದು ಅಜ್ಜನ ಹೆಸರು ಒತ್ತಿದಳು, ಬಂತು, ಒಗ್ಗರಣೆ ಸೀದು ಹೋಯಿತು, ಹೋಗಲಿ.

ಆ ಹೆಳವ! ಅವನನ್ನು ನೋಡಿದ್ದೀನಲ್ಲ ನಾನು, ಎಂಟು ವರ್ಷದವಳು, ಕೋಟೆ ಮನೆಯ ಜಗಲಿ, ಎತ್ತಿನ ಕೊರಳಗಂಟೆ, ಮೂಲಪುರುಷನಿಂದ ಹಿಡಿದು ಅವನು ರಾಗವಾಗಿ ಹೇಳುತ್ತ ಬರುತ್ತಾನೆ, ಅವರ ಮಗ ಇವರು, ಇವರ ಮಗ ಷಣ್ಮುಖಪ್ಪ, ಷಣ್ಮುಖಪ್ಪನವರಿಗೆ — ಅಜ್ಜಿ ಮೊರದ ತುಂಬ ಭತ್ತ ತಂದು ಸುರಿದೇಬಿಟ್ಟಳು, ಸಾಕು ನಿಲ್ಸಪ್ಪ, ಊಟಕ್ಕೇಳು, ಭತ್ತ ಜಗಲಿಯೆಲ್ಲ ಚೆಲ್ಲಿತು, ಬಗ್ಗಿದ ಅಜ್ಜಿಯ ಕೊರಳಲ್ಲಿ ಬಿಲ್ಲೆ ತೂಗಾಡಿ ತಿರುಗಿ ಬೆನ್ನು ತೋರಿಸಿತು, ನುಣುಪು ಬೆನ್ನು. ಯಾಕಜ್ಜಿ ನಿಲ್ಲಿಸಿದೆ, ಸವತಿಯ ಹೆಸರು ಕೇಳಲಾಗಲಿಲ್ಲವಾ, ಅಷ್ಟು ಹೊಟ್ಟೆಕಿಚ್ಚಾ ನಿನಗೆ ಎಂದು ಎಷ್ಟು ಸಲ ಮನಸ್ಸಿನಲ್ಲೇ ಬೈದುಕೊಂಡಿಲ್ಲ.

ಫೋನು — ಮಲ್ಲೇಶಣ್ಣ, ಎಲ್ಲಿದೀಯೆ ಸುಮಾ, ತೊಟ್ಲು ಕಟ್ಟಾಯ್ತು, ಅಪ್ಪ ಬಿಲ್ಲೆ ಕೈಲಿ ಹಿಡ್ಕೊಂಡು ಗೇಟಲ್ಲೇ ನಿಂತಿದಾರೆ, ಬಂದೆ ಬಂದೆ, ಇಡು ಫೋನು, ಪುಟ ತೆರೀತಿದೆ, ಇಡೋ! ಬಸ್ಸು ನಿಂತಿತು, ಮಲವಗೊಪ್ಪ, ಮಲವಗೊಪ್ಪ ಇಳಿಯೋರು ಬನ್ನಿ, ಬಳೆ ತಿರುಗುವುದು ನಿಂತಿತು, ಮಂಜು ಸರಿಯಿತು, ಬಂತು, ಬಂತಪ್ಪಾ — ಷಣ್ಮುಖಪ್ಪಗೆ ಇಬ್ಬರು ಹೆಂಡಿರು, ಮೊದಲವಳು ಗಾಜನೂರು ಹಾಲಮ್ಮ, ಒಂದು ಗಂಡು ಹೆತ್ತು ಶಿವನ ಪಾದ ಸೇರಿದಳು. ಹಾಲಮ್ಮ? ಹಾಲಮ್ಮ ನಮ್ಮಜ್ಜಿಯಲ್ಲವಾ, ಹೆಳವ ತಪ್ಪಿದನಾ, ಕೆಳಗಿನ ಸಾಲು — ಎರಡನೆಯವಳು ಮಲವಗೊಪ್ಪದ ಕೊಟ್ರಮ್ಮ, ಕೂಸಿಗೆ ತಾಯಿ ಹೆಸರು ತಪ್ಪಬಾರದೆಂದು ಇವಳಿಗೂ ಹಾಲಮ್ಮನೆಂದೇ ಹೆಸರಿಟ್ಟರು.

ಅಯ್ಯೋ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತಲ್ಲ, ಅಪ್ಪನ ಪೆನ್ಶನ್ ಕಾಗದದಲ್ಲಿ ತಾಯಿಯ ಹೆಸರು ಹಾಲಮ್ಮ, ರೇಷನ್ ಕಾರ್ಡಿನಲ್ಲಿ ಹಾಲಮ್ಮ, ಅಪ್ಪ ನಿಮ್ಮವ್ವನ ಹೆಸರು ಎಂದೂ ಕಳೆದೇ ಇರಲಿಲ್ಲ, ಹೇಳುತ್ತೀನಿ, ಕುಣಿದುಕೊಂಡು ಹೇಳುತ್ತೀನಿ, ಗೇಟಿನಲ್ಲೇ ಹೇಳುತ್ತೀನಿ — ಕಳೆದದ್ದು ಇನ್ನೊಂದು. ಮಲವಗೊಪ್ಪದಿಂದ, ಇದೇ ಊರಿಂದ, ಹದಿನಾರು ವರ್ಷದ ಹುಡುಗಿಯೊಬ್ಬಳು ತನ್ನ ಹೆಸರನ್ನು ಹೊಸಿಲಾಚೆ ಬಿಟ್ಟು ಬಂದು, ಸತ್ತವಳ ಹೆಸರಿಗೆ ಓಗೊಟ್ಟು, ಸತ್ತವಳ ಮಗನಿಗೆ ಅವ್ವನಾಗಿ, ಹೆಳವ ಬಾಯಿ ತೆರೆದರೆ ಮಗನಿಗೆ ತಾನು ಎರಡನೆಯವಳೆಂದು ಗೊತ್ತಾದೀತೆಂದು ಮೊರಗಟ್ಟಲೆ ಭತ್ತ ಸುರಿದು — ಅವಳನ್ನಾ ನಾನು ಬೈದದ್ದು, ಕ್ಷಮಿಸು ಅಜ್ಜಿ, ಕೊಟ್ರಮ್ಮ, ಎಷ್ಟು ವರ್ಷವಾಯಿತು ಈ ಹೆಸರನ್ನು ಯಾರಾದರೂ ಕರೆದು, ಕೂಸಿನ ಕಿವಿಗೆ ಇನ್ನೊಂದು ಹೆಸರು ಹಿಡಿಸುತ್ತದಲ್ಲವಾ ಅಪ್ಪ, ಹಿಡಿಸಬೇಕು, ಬಸ್ಸು ಹೊರಟಿತು, ಬಿಲ್ಲೆಯ ಮುಂದೆ ಗಾಜನೂರಿನ ಹಾಲಮ್ಮ, ಬೆನ್ನಿಗೆ, ಅಜ್ಜಿಯ ಎದೆಗೆ ಒತ್ತಿಕೊಂಡೇ ಇದ್ದ ಆ ಬೆನ್ನಿಗೆ, ಏನೂ ಬರೆಯದ ನುಣುಪು, ಆ ನುಣುಪೇ ಕೊಟ್ರಮ್ಮ —