ಅಣ್ಣನ ಕೈ, ತಮ್ಮನ ಹೆಸರು

ಏರು ಅರ್ಧ ಹತ್ತುವಷ್ಟರಲ್ಲಿ ಪಿಕಪ್ಪು ಕಪ್ಪು ಹೊಗೆ ಕಾರಿ ಏದುಸಿರು ಬಿಡತೊಡಗಿತು. ಡ್ರೈವರ್ ಗೇರು ಇಳಿಸಿದ, ಕಾಲು ಒತ್ತಿದ. ಇಂಜಿನ್ ಅರಚಿತೇ ಹೊರತು ಗಾಡಿ ಮೇಲಕ್ಕೆ ಹೋಗಲೊಲ್ಲದು. ಸ್ಮಶಾನವಿದ್ದದ್ದು ಏರಿನ ತುದಿಯಲ್ಲಿ. ಎದೆನೋವಿಗೆ ನಿನ್ನೆ ತೀರಿಕೊಂಡ ಮೆಕ್ಯಾನಿಕ್‌ನನ್ನು ಹಿಂದೆ ಮಲಗಿಸಿದ್ದರು. ಪಕ್ಕದಲ್ಲಿ ಕೂತಿದ್ದ ಅವನ ಅಣ್ಣ, ಅವನೂ ಮೆಕ್ಯಾನಿಕ್ಕೇ, ಕೆಳಗಿಳಿದ.

"ಗಾಡಿ ಎಳೀತಾನೇ ಇಲ್ಲ. ಇಂಜಿನ್ನಿಗೆ ಗಾಳಿ ನೂಕೋ ಟರ್ಬೋ ಹೋಯ್ತು ಅನ್ಸುತ್ತೆ," ಎಂದ ಡ್ರೈವರ್.

ಗಾಡಿಯ ಹಿಂದೆ ನಡೆದು ಬರುತ್ತಿದ್ದ, ಗ್ಯಾರೇಜಿನ ಪಕ್ಕದಂಗಡಿಯ ಟೈರಿನವನು ನಿಟ್ಟುಸಿರಿಟ್ಟ. "ಇವನೊಬ್ಬ ಇದ್ದಿದ್ರೆ ಸದ್ದು ಕೇಳೇ ಹೇಳಿಬಿಡ್ತಿದ್ದ. ಕಿವಿ ಅಂದ್ರೆ ಅವನ ಕಿವಿ!"

ಅಣ್ಣ ಒಳಗೊಳಗೇ ಉರಿದುಕೊಂಡ. ನಾನು ಕಣ್ಣೆದುರಿಗಿದ್ದರೂ ಸತ್ತವನನ್ನು ಕರೆಯುತ್ತಾರಲ್ಲ!

* * *

ತಮ್ಮನಿಗೆ ಸ್ಪ್ಯಾನರ್ ಹಿಡಿಯಲು ಕಲಿಸಿದವನೇ ಅಣ್ಣ. ನಾಲ್ಕು ವರ್ಷ ಕಳೆಯಲಿಲ್ಲ, ಗಿರಾಕಿಗಳು ಅಣ್ಣನ ಹೆಗಲ ಮೇಲಿಂದ ಗ್ಯಾರೇಜಿನೊಳಗೆ ಇಣುಕಿ, "ಚಿಕ್ಕೋರಿಲ್ವಾ?" ಎನ್ನತೊಡಗಿದರು.

ಒಮ್ಮೆ ತರಕಾರಿ ಸಾಗಿಸುವವನೊಬ್ಬ ಹೀಗೇ ಏರು ಹತ್ತದ ಪಿಕಪ್ಪು ತಂದ. "ಟರ್ಬೋ ಸತ್ತಿದೆ, ಹೊಸದೇ ಹಾಕ್ಬೇಕು," ಎಂದುಬಿಟ್ಟ ಅಣ್ಣ. ತಮ್ಮ ಬಾನೆಟ್ಟಿನೊಳಗೆ ಬಗ್ಗಿ, ಟರ್ಬೋದಿಂದ ಗಾಳಿ ಒಯ್ಯುವ ದಪ್ಪ ರಬ್ಬರ್ ಪೈಪಿನಲ್ಲಿ ಉಗುರಗಲದ ಸೀಳು ಹುಡುಕಿದ. ಆಮೇಲೆ ಗಿರಾಕಿಗೆ ಹೇಳಿದ, "ನಮ್ಮಣ್ಣನೇ ಕಂಡುಹಿಡಿದಿದ್ದು."

ಗಿರಾಕಿ ಮೀಸೆಯಡಿಯಲ್ಲೇ ನಕ್ಕ. ತಮ್ಮ ಗೆದ್ದು ಸುಮ್ಮನಿದ್ದಿದ್ದರೆ ಹೇಗೋ ಸಹಿಸಬಹುದಿತ್ತು. ಗೆದ್ದದ್ದನ್ನು ಭಿಕ್ಷೆ ಹಾಕಿದನಲ್ಲ, ಅದು ಹನ್ನೊಂದು ವರ್ಷವಾದರೂ ಅಣ್ಣನಿಗೆ ಅರಗಲಿಲ್ಲ.

* * *

ಮುಂದಿನ ಸೀಟಿನಿಂದ ತಮ್ಮನ ಹೆಂಡತಿ ತಲೆ ಹೊರಹಾಕಿದಳು. "ಭಾವ, ನೀವೇ ನೋಡಿ. ಇನ್ಯಾರು ನೋಡ್ಬೇಕು?"

ಅಣ್ಣ ಬಾನೆಟ್ ಎತ್ತಿದ. ದಪ್ಪ ಪೈಪನ್ನು ಉದ್ದಕ್ಕೂ ಸವರಿದ. ಸೀಳಿಲ್ಲ, ಎಣ್ಣೆಯ ಜಿಡ್ಡೂ ಇಲ್ಲ. ಟರ್ಬೋ ಕೆಟ್ಟಿದ್ದರೆ ಬರುವ ಕೊರೆಯುವ ಸದ್ದೂ ಇರಲಿಲ್ಲ. ಎಲ್ಲರ ಕಣ್ಣೂ ಬೆನ್ನಿಗೆ ಚುಚ್ಚುತ್ತಿದ್ದವು.

"ರೇಸ್ ಮಾಡ್ಬೇಡ. ಸುಮ್ನೆ ಓಡ್ತಿರ್ಲಿ," ಎಂದು ಡ್ರೈವರನಿಗೆ ಹೇಳಿ ಕಣ್ಣು ಮುಚ್ಚಿದ.

ಇಂಜಿನ್ನಿನ ಗದ್ದಲದಡಿ ಸಣ್ಣಗೆ 'ಸುಯ್' ಎಂದಿತು. ಬಿಸಿಗೆ ಬೆರಳು ಚುರುಗುಟ್ಟಿದರೂ ಮಸಿಯ ನಡುವೆ ಕೈ ಇಳಿಸಿದ. ಟರ್ಬೋವನ್ನು ಹದದಲ್ಲಿಡುವ ತೆಳು ಪೈಪು ತುದಿಯಲ್ಲಿ ಬಿರುಕುಬಿಟ್ಟು ಗಾಳಿ ಎಳೆಯುತ್ತಿತ್ತು. ಡ್ರೈವರನ ಚಾಕು ಇಸಿದುಕೊಂಡು ಬಿರುಕಿನಷ್ಟನ್ನು ಕತ್ತರಿಸಿ, ಉಳಿದದ್ದನ್ನು ಮತ್ತೆ ಅದರ ಮೂತಿಗೆ ಬಿಗಿಯಾಗಿ ತೂರಿಸಿದ.

"ಅಬ್ಬಾ! ತಮ್ಮನ ಕೈಯೇ ಇಳಿದು ಬಂದಂಗಿದೆ," ಎಂದ ಟೈರಿನವನು.

ಇದು ನನ್ನ ಕೈ ಕಣಯ್ಯಾ ಎಂದು ಗದರಬೇಕೆನಿಸಿತು. ಆದರೆ ಅಣ್ಣಂದೇ ಕೈ ಎಂದು ನಾಲ್ಕು ಜನರೆದುರು ಹೇಳುತ್ತಿದ್ದವನು ಊರಿಗೆಲ್ಲ ಒಬ್ಬನೇ. ಅವನು ಹಿಂದೆ ಮಲಗಿದ್ದ.

ಅಣ್ಣ ಹಿಂದೆ ಹತ್ತಿ ತಮ್ಮನ ಪಕ್ಕ ಕೂತ. ಪಿಕಪ್ಪು ಒಂದೇ ಉಸಿರಿಗೆ ಏರು ಹತ್ತತೊಡಗಿತು. ವೇಗಕ್ಕೆ ತಮ್ಮನ ಮೇಲಿನ ಬಿಳಿ ಹೊದಿಕೆ ಪಟಪಟನೆ ಎದ್ದಿತು. ಅಣ್ಣ ಅದನ್ನು ಅವನ ಎದೆಯ ಮೇಲೆ ಅಂಗೈಯಿಂದ ಒತ್ತಿ ಹಿಡಿದ. ತುದಿ ತಲುಪಿ ಕೈ ತೆಗೆದಾಗ ಬಟ್ಟೆಯ ಮೇಲೆ ಐದು ಬೆರಳೂ ಕಪ್ಪಗೆ ಮೂಡಿದ್ದವು.