ಸರಕಾರಕ್ಕೊಂದು ಮಿಸ್‌ಕಾಲ್

ಬಕೀಟಿನ ನೀರು ಕೆಂಪಾಗಿತ್ತು. ಗಂಡನ ಖಾಕಿ ಅಂಗಿ ನೆನೆಹಾಕಿ, ಸೋಪು ಹುಡುಕಿ ತರುವಷ್ಟರಲ್ಲಿ ಹೀಗಾದದ್ದು ಕಂಡು ನಜಮುನ್ನಿಸಾ ಅಂಗಿಯನ್ನು ನೀರಿನಿಂದ ಎಳೆದು ತೆಗೆದಳು. ಗಂಡ ಮೆಹಬೂಬನಿಗೆ ಟಿಬಿ ಎಂದು ತಿಳಿದಾಗಿನಿಂದ ಕೆಂಪು ಕಂಡರೆ ಅವಳಿಗೆ ರಕ್ತವೇ. ಅಂಗಿಯ ತೋಳು, ಕಾಲರು ಎಲ್ಲ ತಿರುವಿ ನೋಡಿದಳು. ಕಲೆ ಎಲ್ಲೂ ಇರಲಿಲ್ಲ. ಕಿಸೆಯೊಳಗೆ ಬೆರಳು ಹಾಕಿದರೆ ಏನೋ ಮೆತ್ತಗೆ ಹತ್ತಿತು. ಹೊರತೆಗೆದಳು: ಅರ್ಧ ಕರಗಿದ ಕೆಂಪು ಗುಳಿಗೆಗಳು, ಒಂದು ಹಿಡಿ.

ಆಶಾ ಕಾರ್ಯಕರ್ತೆ ವಿದ್ಯಾವತಿ ಮನೆಗೆ ತಂದುಕೊಡುವ ಟಿಬಿ ಗುಳಿಗೆಗಳೇ ಅವು. ರಕ್ತವಲ್ಲವಲ್ಲ ಎಂದು ಒಂದು ಗಳಿಗೆ ಜೀವಕ್ಕೆ ಸಮಾಧಾನವಾಯಿತು. ಆಮೇಲೆ ಅರ್ಥವಾಯಿತು, ಅವನು ಗುಳಿಗೆ ನುಂಗಿಯೇ ಇಲ್ಲ, ಇದು ಅದಕ್ಕಿಂತ ಕೆಟ್ಟದ್ದು.

ಆ ಗುಳಿಗೆಯ ಏರ್ಪಾಡು ಹೀಗಿತ್ತು. ಗುಳಿಗೆಯನ್ನು ಒತ್ತಿ ತೆಗೆದರೆ ಅದರ ಹಿಂದಿನ ಕಾಗದದಲ್ಲಿ ಒಂದು ಫೋನ್ ನಂಬರು ಕಾಣುತ್ತದೆ. ನುಂಗಿದ ಮೇಲೆ ಆ ನಂಬರಿಗೆ ರಿಂಗು ಕೊಡಬೇಕು. ಆ ಕಡೆ ಎತ್ತುವವರಿಲ್ಲ, ತಾನೇ ಕಟ್ ಆಗುತ್ತದೆ. ಅಷ್ಟಾದರೆ ವಿದ್ಯಾವತಿಯ ಮೊಬೈಲಿನಲ್ಲಿ ಮೆಹಬೂಬನ ಹೆಸರಿನ ಮುಂದೆ ಆ ದಿನದ ಹಸಿರು ಚುಕ್ಕಿ ಬೀಳುತ್ತದೆ. ಲಾರಿ ಡ್ರೈವರನನ್ನು ದಿನಾ ಆಸ್ಪತ್ರೆಗೆ ಬಾ ಎನ್ನುವುದು ಆಗದ ಮಾತು, ಅದಕ್ಕೇ ಇದು.

ನಜಮುನ್ನಿಸಾಳ ಸಂಸಾರ ನಡೆದದ್ದೇ ಮಿಸ್‌ಕಾಲಿನ ಮೇಲೆ. ಈಗ ಮದುವೆಯಾಗಿ ಹೋಗಿರುವ ಮಗಳು ಫರಹೀನ ಇನ್ನೂ ಹಾಲು ಕುಡಿಯುವಾಗ ಖಜೂರಿ ಊರಿನ ಈ ಮನೆಗೆ ಗುಂಡಿಯ ಫೋನು ಬಂದಿತ್ತು. ಕರೆನ್ಸಿ ತುಟ್ಟಿಯಾಗಿದ್ದ ಕಾಲ. ಮೆಹಬೂಬ ತೊಗರಿ ಹೇರಿಕೊಂಡು ರಾಜ್ಯದ ಗಡಿ ದಾಟಿ, ಉಮರ್ಗಾ ಮುಟ್ಟಿದರೆ ಒಂದು ರಿಂಗು, ಸೊಲ್ಲಾಪುರ ಮುಟ್ಟಿದರೆ ಎರಡು. ಹೊಳ್ಳಿ ಬರುವಾಗ ಬಿಡದೆ ಬಾರಿಸಿದರೆ ರೊಟ್ಟಿ ಬಡಿ ಎಂದರ್ಥ. ಅವಳು ಎತ್ತುತ್ತಿರಲಿಲ್ಲ. ಎತ್ತಿದರೆ ಕರೆನ್ಸಿಯೂ ಹೋಯಿತು, ಮಜವೂ ಹೋಯಿತು. ಹಿಟ್ಟಿನ ಕೈ ಹಿಡಿದುಕೊಂಡು ಫೋನಿನ ಮುಂದೆ ಸುಮ್ಮನೆ ನಿಲ್ಲುವುದರಲ್ಲಿ ಎಂಥ ಸುಖವಿತ್ತು! ಆಮೇಲೆ ಮಾತು ಪುಕ್ಕಟೆಯಾಯಿತು. ಯಾವಾಗ ಬೇಕಾದರೂ ಮಾಡಬಹುದಲ್ಲ ಎಂದು ಮೆಹಬೂಬ ಫೋನು ಮಾಡುವುದನ್ನೇ ಬಿಟ್ಟ.

ಹೀಗಾಗಿ ಸಂಜೆ ವಿದ್ಯಾವತಿಯ ಮನೆಗೆ ಹೋಗಿ ಚುಕ್ಕಿ ನೋಡಿ ಬರುವುದು ನಜಮುನ್ನಿಸಾಳಿಗೆ ರೂಢಿಯಾಗಿತ್ತು. ನಿನ್ನ ಗಂಡ ನಿನ್ನ ಬಿಟ್ಟು ಸರಕಾರಕ್ಕೆ ಮಿಸ್‌ಕಾಲ್ ಹೊಡೆಯುತ್ತಾನೆ ನೋಡು ಎಂದು ವಿದ್ಯಾವತಿ ಕಾಡಿಸುತ್ತಿದ್ದಳು. ಇವಳು ನಗುತ್ತಿದ್ದಳು. ಹಸಿರು ಕಂಡ ದಿನ ಒಳ್ಳೆಯ ನಿದ್ದೆ ಬರುತ್ತಿತ್ತು.

ಮೆಹಬೂಬ ಹೊರಸಿನ ಮೇಲೆ ಮಲಗಿದ್ದ. ಎರಡು ದಿನ ಬಿಟ್ಟು ಮತ್ತೆ ಲಾರಿ ಹೊರಡಬೇಕಿತ್ತು. ಅವಳು ಕೆಂಪಾದ ಅಂಗೈಯನ್ನು ಅವನ ಮೂಗಿನ ಮುಂದೆ ಹಿಡಿದಳು. ಮನೆಯಲ್ಲಿ ಅವರ ಮಾತು ದಖನಿ, ಜಗಳ ಮಾತ್ರ ಕನ್ನಡದಲ್ಲಿ. ಅವನು ಮೊದಲು ಗುಳಿಗೆ ತಾವೇ ಉದುರಿವೆ ಎಂದ. ಅದು ನಡೆಯಲಿಲ್ಲ. ಗೋಡೆಯ ಕಡೆ ಮುಖ ಮಾಡಿದ.

"ಅದು ನುಂಗಿದ್ರ ಉಚ್ಚಿ ಕೆಂಪಗ ಬರ್ತದ. ರೋಡ್ ಬಾಜು ಎಲ್ಲಾ ಡ್ರೈವರ್ ಸಾಲಾಗಿ ನಿಂದರ್ತೇವಿ. ಯಾರರ ನೋಡಿ ಟಿಬಿ ಅದ ಅಂತ ಲಾರಿ ಸೇಠಗ ಹೇಳಿದ್ರ, ಸ್ಟೇರಿಂಗ್ ಹೋಯ್ತು."

"ನುಂಗಲಿಲ್ಲಂದ್ರ ರಿಂಗ್ ಯಾಕ ಕೊಟ್ರಿ?"

ಅವನು ಉಗುರಿನಿಂದ ಗೋಡೆಯ ಸುಣ್ಣ ಕೆರೆದ.

"ನೀ ದಿನಾ ಹೋಗಿ ನೋಡ್ತಿ ಅಂತ ಗೊತ್ತಿತ್ತು. ಅದಕ್ಕ ಕೊಟ್ಟೆ."

ಅವಳಿಗೆ ಸಿಟ್ಟು ಬಂತು, ಅಳುವೂ ಬಂತು. ಇಷ್ಟು ವರ್ಷ ಆ ಮನುಷ್ಯ ಉಮರ್ಗಾ ಮುಟ್ಟದೆ ಒಂದು ರಿಂಗನ್ನೂ ಕೊಟ್ಟವನಲ್ಲ. ಈಗ ಸುಳ್ಳು ಹೇಳಿದ್ದಾನೆ, ಅದೂ ತನ್ನ ಸಲುವಾಗಿ. ಸೆರಗಿನ ತುದಿಯಲ್ಲಿ ಗುಳಿಗೆ ಕಟ್ಟಿಕೊಂಡು ನೇರ ವಿದ್ಯಾವತಿಯ ಮನೆಗೆ ನಡೆದಳು.

ವಿದ್ಯಾವತಿಯ ಮುಖ ಇಳಿದುಹೋಯಿತು. ನಡುವೆ ಬಿಟ್ಟರೆ ಬೇನೆ ಬಲಿತು, ಮುಂದೆ ಯಾವ ಔಷಧವೂ ನಾಟುವುದಿಲ್ಲ ಎಂದಳು. ಮರುದಿನವೇ ಇಬ್ಬರನ್ನೂ ಆಳಂದದ ಆಸ್ಪತ್ರೆಗೆ ಕರೆದೊಯ್ದಳು. ಡಾಕ್ಟರು ಕಫ ನೋಡಿಸಿದರು. ಮೊದಲ ತಿಂಗಳು ಮನೆಯಲ್ಲಿ ಹೆಂಡತಿಯ ಎದುರು ನುಂಗಿದ್ದು ಕೈಹಿಡಿದಿತ್ತು, ಇನ್ನೊಬ್ಬರಿಗೆ ಹರಡುವಂತಿರಲಿಲ್ಲ. ಆದರೆ ಬರಿಯ ರಿಂಗಿನ ಮೇಲೆ ಇನ್ನು ಭರವಸೆ ಇಡಲಾಗದು, ದಿನಾ ಯಾರಾದರೂ ಕಣ್ಣಾರೆ ನೋಡಿ ನುಂಗಿಸಬೇಕು, ಇಲ್ಲವಾದರೆ ಲಾರಿ ಬಿಟ್ಟು ಮನೆಯಲ್ಲಿರಬೇಕು ಎಂದರು. ಮೆಹಬೂಬ ತಲೆ ತಗ್ಗಿಸಿದ. ಲಾರಿಯಲ್ಲಿ ಅವನಲ್ಲದೆ ಯಾರಿದ್ದಾರೆ? ಕ್ಲೀನರನನ್ನು ಸೇಠ ತೆಗೆದುಹಾಕಿ ಎಷ್ಟೋ ಕಾಲವಾಗಿತ್ತು.

"ಕ್ಲೀನರ್ ಸೀಟ್ ಖಾಲಿನೇ ಅದಲ್ಲ," ಎಂದಳು ನಜಮುನ್ನಿಸಾ. "ನಾ ಕೂಡ್ತೇನಿ."

ಅವನು ಬೇಡವೆಂದ. ಮಂದಿ ನಗುತ್ತಾರೆ ಎಂದ, ರೋಡಿನ ಮೇಲೆ ಹೆಂಗಸರಿಗೆ ಸೌಕರ್ಯವಿಲ್ಲ ಎಂದ. ಅವಳು ಲಾರಿ ಹೊರಡುವ ದಿನ ಮನೆಗೆ ಕೀಲಿ ಹಾಕಿ, ಅದನ್ನು ವಿದ್ಯಾವತಿಯ ಕೈಗಿಟ್ಟು, ರೊಟ್ಟಿಯ ಗಂಟಿನೊಂದಿಗೆ ಏದುಸಿರು ಬಿಡುತ್ತ ಲಾರಿ ಹತ್ತಿದಳು. ಉಚ್ಚೆಗೆ ಗಾಡಿ ಬೇರೆ ಕಡೆ ನಿಲ್ಲಿಸೋಣ, ರೋಡು ಅಷ್ಟು ಉದ್ದ ಇದೆ ಎಂದು ಅವಳು ಹೇಳಿದಾಗ ಮೆಹಬೂಬನಿಗೆ ನಗು ತಡೆಯಲಾಗಲಿಲ್ಲ.

ಉಮರ್ಗಾ ಬಂತು. ಗ್ಯಾರೇಜು, ಬಾಳೆಹಣ್ಣಿನ ಗಾಡಿ, ಧೂಳು. ಇದೇನಾ ಎಂದು ಕೇಳಿದಳು. ಹೌದೆಂದ. ರಿಂಗಾಗಿ ಮಾತ್ರ ಗೊತ್ತಿದ್ದ ಊರು ಅದು. ಒಲೆಯ ಮುಂದೆ ನಿಂತು ಅವಳು ಕಲ್ಪಿಸಿಕೊಂಡಿದ್ದ ಉಮರ್ಗಾ ಇನ್ನೂ ದೊಡ್ಡದಿತ್ತು, ಚಂದವೂ ಇತ್ತು. ಆ ಊರು ಈಗ ಇಲ್ಲವಾಯಿತಲ್ಲ ಎಂದು ಅವಳಿಗೆ ಒಂದಿಷ್ಟು ಕೆಡುಕೆನಿಸಿತು.

ಊರಾಚೆ ಒಂದು ಢಾಬಾದ ಮುಂದೆ ಲಾರಿ ನಿಲ್ಲಿಸಿದ. ಅತ್ತ ಡ್ರೈವರುಗಳು ಚಹಾ ಕುಡಿಯುತ್ತಿದ್ದರು. ಸೀಟಿನಲ್ಲೇ ಕೂತು ಅವಳು ಗುಳಿಗೆ ಒತ್ತಿ ಅವನ ಕೈಗೆ ಹಾಕಿದಳು, ನೀರಿನ ಬಾಟಲಿ ಕೊಟ್ಟಳು. ಅವನು ನುಂಗಿ, ಚುಕ್ಕಿ ಬೀಳಲೆಂದು ಫೋನು ತೆಗೆದ.

"ಬಾಯಿ ತೆರೀರಿ," ಎಂದಳು.

ಅವನು ಹುಡುಗನ ಹಾಗೆ ನಾಲಿಗೆ ಚಾಚಿ ಆ ಎಂದ. ಗುಳಿಗೆ ಒಳಗೆ ಹೋಗಿತ್ತು. ಆದರೂ ಅವಳು ನೋಡುತ್ತಲೇ ಇದ್ದಳು. ಎಡಗಡೆ ಮೇಲೆ, ಒಳಗೆ, ದವಡೆಯ ಎರಡು ಹಲ್ಲು ಇರಲಿಲ್ಲ.

"ಇವು ಯಾವಾಗ ಹೋದವು?"

"ಹೋದ ವರ್ಷ. ಸಾಂಗ್ಲಿಯಾಗ ತೆಗಿಸಿದೆ. ಭಾಳ ನೋಯ್ತಿತ್ತು."

"ನನಗ ಹೇಳಲಿಲ್ಲ."

"ಹಲ್ಲಿನ ಸಲುವಾಗಿ ಏನ ಫೋನ್ ಮಾಡೋದು?" ಎಂದು ಅವನು ನಂಬರು ಒತ್ತಲು ಹೋದ.

ಅವಳು ಫೋನಿನ ಮೇಲೆ ಕೈಯಿಟ್ಟಳು.

"ಸರಕಾರಕ್ಕ ರಿಂಗ್ ಆಮ್ಯಾಲ ಕೊಡ್ರಿ," ಎಂದಳು. "ಇನ್ನೊಮ್ಮೆ ತೆರೀರಿ."

ಮೆಹಬೂಬ ಢಾಬಾದ ಕಡೆ ಒಮ್ಮೆ ನೋಡಿದ. ಆಮೇಲೆ ಅವಳ ಕಡೆ ತಿರುಗಿ, ಬಾಯಿ ತೆರೆದ.